ಎರಿ ಹೊಲದ ಮೇಲೆ 800 ಗ್ರಾಮಿನ ವಿಮಾನ



ರೇಡಿಯೊ ವಿಮಾನ ನೋಡಿದ ಜೂನಿಯರ್‌ಗಳು ಮೊದಲು ಕೇಳುವುದು ಒಂದೇ: "ಅಣ್ಣಾ, ಇದು ಎಷ್ಟು ದೂರ ಹೋಗತೈತಿ?" ನಾವು ಆ ಪ್ರಶ್ನೆಯನ್ನು ತಿರುಗಿಸಿ ಇಡುತ್ತೇವೆ. ಇದು ಎಷ್ಟು ನಿಧಾನ ಹಾರಬಲ್ಲದು ಅಂತ ಕೇಳ್ರಿ. ನಿಧಾನ ಹಾರುವ ವಿಮಾನ ಕೈಗೂ ತಲೆಗೂ ಸಮಯ ಕೊಡುತ್ತದೆ. ಬಿದ್ದರೆ ಮೆತ್ತಗೆ ಬೀಳುತ್ತದೆ, ಅಂಟಿಸಿ ಮತ್ತೆ ಹಾರಿಸಬಹುದು. ಜೋರು ಹಾರುವುದು ಬಿದ್ದಾಗ ಚೀಲದಲ್ಲಿ ತುಂಬಿಕೊಂಡು ಬರಬೇಕಾಗುತ್ತದೆ. ಗದಗ-ಬೆಟಗೇರಿ ಸುತ್ತಮುತ್ತ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹೊಲಗಳಲ್ಲಿ ಹಾರಿಸಬೇಕು ಅನ್ನುವವರಿಗೆ ವಿಮಾನ ಕಟ್ಟುವುದು, ಹಾರಿಸುವುದು, ಮುರಿದಾಗ ಕೂಡಿಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇವೆ. ಸೂತ್ರಗಳು ಸೆಕೆಂಡ್ ಇಯರ್ ಫ್ಲೂಯಿಡ್ಸ್ ಪುಸ್ತಕದವೇ. ಹೊಲ ಮಾತ್ರ ನಮ್ಮದು.

ಮೊದಲು ಲೆಕ್ಕ. ನಾವು ಹೊಸಬರಿಗೆ ಹೇಳುವ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 1.2 ಮೀಟರ್, ಅಗಲ 20 ಸೆಂಟಿಮೀಟರ್. ಕ್ಷೇತ್ರಫಲ 0.24 ಚದರ ಮೀಟರ್. ಬ್ಯಾಟರಿ ಸೇರಿ ಒಟ್ಟು ತೂಕ 800 ಗ್ರಾಂ, ಅಂದ್ರ 7.85 ನ್ಯೂಟನ್. ಸಾಧಾರಣ ಥರ್ಮಾಕೋಲ್ ರೆಕ್ಕೆಗೆ ಗರಿಷ್ಠ ಲಿಫ್ಟ್ ಗುಣಾಂಕ 1.1 ಅಂತ ಹಿಡಿಯೋಣ. ಇನ್ನು ಉಳಿದದ್ದು ಗಾಳಿಯ ಸಾಂದ್ರತೆ. ಪುಸ್ತಕದಲ್ಲಿ 1.225 ಅಂತ ಇದೆ. ಅದು ಸಮುದ್ರ ಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಗದಗ ಇರುವುದು ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಮೇಲೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದರೆ ಇಲ್ಲಿಯ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.05 ಕಿಲೋಗ್ರಾಂ. ಪುಸ್ತಕದ ಸಂಖ್ಯೆಗಿಂತ ಶೇಕಡಾ 14 ಕಡಿಮೆ. ಡಿಸೆಂಬರ್ ಬೆಳಿಗ್ಗೆ 18 ಡಿಗ್ರಿ ಇದ್ದಾಗ ಸುಮಾರು 1.12.

ಇವನ್ನೆಲ್ಲ ಲಿಫ್ಟ್ ಸಮೀಕರಣದಲ್ಲಿ ಹಾಕಿ ವೇಗ ತೆಗೆದರೆ, ಏಪ್ರಿಲ್ ಮಧ್ಯಾಹ್ನ ಸ್ಟಾಲ್ ಆಗುವ ವೇಗ ಸೆಕೆಂಡಿಗೆ 7.5 ಮೀಟರ್, ಅಂದ್ರ ಗಂಟೆಗೆ 27 ಕಿಲೋಮೀಟರ್. ಡಿಸೆಂಬರ್ ಬೆಳಿಗ್ಗೆ 26. ಇಷ್ಟೇ ವ್ಯತ್ಯಾಸ! "ಬಿಸಲಾಗ ವಿಮಾನ ಎತ್ತಂಗಿಲ್ಲ" ಅಂತ ಬಿಸಿಲಿನ ಮೇಲೆ ತಪ್ಪು ಹೊರಿಸುವವರು ಈ ಎರಡು ಸಂಖ್ಯೆ ನೋಡಬೇಕು. ಈಗ ಅದೇ ವಿಮಾನದ ತೂಕವನ್ನು 1.2 ಕಿಲೋ ಮಾಡಿ ನೋಡ್ರಿ. ಸ್ಟಾಲ್ ವೇಗ ಗಂಟೆಗೆ 33 ಕಿಲೋಮೀಟರ್ ಆಗುತ್ತದೆ. ತೂಕ ಹೆಚ್ಚಾದದ್ದು ಒಂದೂವರೆ ಪಟ್ಟು. ಆದರೆ ನೆಲಕ್ಕೆ ಬಡಿಯುವಾಗ ಅದು ಹೊತ್ತು ತರುವ ಚಲನಶಕ್ತಿ 23 ಜೂಲ್‌ನಿಂದ 51 ಜೂಲ್‌ಗೆ ಏರುತ್ತದೆ, ಎರಡೂಕಾಲು ಪಟ್ಟು. ಗ್ಲೂ ಗನ್ ಕೈಯಲ್ಲಿ ಹಿಡಿದಾಗ ಈ ಎರಡೂಕಾಲು ನೆನಪಿರಲಿ. ಮೂಗು, ಬಾಲ, ರೆಕ್ಕೆ ಎಲ್ಲ ಕಡೆ "ಗಟ್ಟಿ ಇರ್ಲಿ ಬಿಡು" ಅಂತ ಸುರಿದ ಅಂಟು ವಿಮಾನವನ್ನು ಗಟ್ಟಿ ಮಾಡುವುದಿಲ್ಲ, ಬೀಳುವ ಪೆಟ್ಟನ್ನು ಗಟ್ಟಿ ಮಾಡುತ್ತದೆ.

ಸಾಮಾನಿಗೆ ಬರೋಣ. ಮುದ್ರಣಾಲಯಗಳ ಊರು ನಮ್ಮದು. ಫ್ಲೆಕ್ಸ್, ಬೋರ್ಡು ಮಾಡುವ ಅಂಗಡಿಗಳಲ್ಲಿ ಸನ್‌ಬೋರ್ಡಿನ ತುಂಡುಗಳು ಮೂಲೆಯಲ್ಲಿ ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಆದರೆ ಸನ್‌ಬೋರ್ಡ್ ಭಾರ. ಮೋಟಾರ್ ಕೂರಿಸುವ ಜಾಗ, ಸರ್ವೋ ಕೂರಿಸುವ ಜಾಗ ಇಂಥಲ್ಲಿ ಅಂಗೈ ಅಗಲದ ತುಂಡು ಸಾಕು. ರೆಕ್ಕೆಗೆ, ಮೈಗೆ ಥರ್ಮಾಕೋಲ್ ಹಾಳೆಯೇ ಒಳ್ಳೆಯದು. ಗಣೇಶನ ಹಬ್ಬದ ಮಂಟಪ ಬಿಚ್ಚಿದ ಮರುದಿನ ಹೋದರೆ ವರ್ಷಕ್ಕಾಗುವಷ್ಟು ಸಿಗುತ್ತದೆ. ಕಾಳು ದಪ್ಪ ಇರುವ ಹಾಳೆ ಬೇಡ, ಕೈಯಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕಾಳು ಸಣ್ಣದಿದ್ದು, ಬಾಗಿಸಿದಾಗ ಸ್ವಲ್ಪ ಬಳುಕಿ ವಾಪಸ್ ಬರುವಂಥದ್ದು ಆರಿಸಿ. ರೆಕ್ಕೆಯ ಒಳಗಿನ ಬೆನ್ನೆಲುಬಿಗೆ ಬಿದಿರಿನ ಸೀಳು. ಕಂಟ್ರೋಲ್ ತಂತಿಗೆ, ಗಾಲಿಯ ಕಾಲಿಗೆ ಸೈಕಲ್ ಸ್ಪೋಕ್. ಮೇಲ್ಮೈಗೆ ಬಣ್ಣದ ಅಗಲ ಟೇಪು. ಕೆಳಗೊಂದು ಬಣ್ಣ ಮೇಲೊಂದು ಬಣ್ಣ ಹಚ್ಚಿರಿ, ಯಾಕೆ ಅನ್ನುವುದು ಹಾರಿಸುವಾಗ ಗೊತ್ತಾಗುತ್ತದೆ.

ಅಂಟಿನ ವಿಷಯದಲ್ಲಿ ಎಚ್ಚರ. ಫೆವಿಕ್ವಿಕ್ ಥರ್ಮಾಕೋಲನ್ನು ಅಂಟಿಸುವುದಿಲ್ಲ, ತಿನ್ನುತ್ತದೆ. ಪೇಂಟಿನ ತಿನ್ನರ್, ಪೆಟ್ರೋಲ್, ಸ್ಪ್ರೇ ಪೇಂಟ್ ಇವೂ ಅಷ್ಟೇ. ಬಿಳಿ ಫೆವಿಕಾಲ್ ಸಾಕು, ಒಣಗಲು ಒಂದು ರಾತ್ರಿ ಬೇಕು ಅನ್ನುವುದೊಂದೇ ತಕರಾರು. ಮೋಟಾರ್ ಕೂರುವ ಪ್ಲೈವುಡ್‌ಗೆ ಅರಾಲ್ಡೈಟ್.

ಎಲೆಕ್ಟ್ರಾನಿಕ್ಸ್ ನಮ್ಮೂರಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಬೇಕು ಇಲ್ಲವೇ ಆನ್‌ಲೈನ್. 2212 ಅಳತೆಯ 1000 ಕೆ.ವಿ. ಬ್ರಶ್‌ಲೆಸ್ ಮೋಟಾರ್, 30 ಆಂಪಿಯರಿನ ಇ.ಎಸ್.ಸಿ., 10 ಇಂಚಿನ ಪ್ರೊಪೆಲರ್, 9 ಗ್ರಾಮಿನ ಸರ್ವೋ ಎರಡು, ಮೂರು ಸೆಲ್ಲಿನ 2200 ಎಂ.ಎ.ಎಚ್. ಲಿಪೊ ಬ್ಯಾಟರಿ, 2.4 ಗಿಗಾಹರ್ಟ್ಸ್‌ನ ರಿಮೋಟ್ ಮತ್ತು ರಿಸೀವರ್. ಎಲ್ಲ ಸೇರಿ ಎಂಟರಿಂದ ಹತ್ತು ಸಾವಿರ ಆಗುತ್ತದೆ, ಅರ್ಧಕ್ಕರ್ಧ ರಿಮೋಟಿಗೇ. ಒಬ್ಬರ ಕೈಯಲ್ಲಿ ಆಗುವ ಖರ್ಚಲ್ಲ ಇದು. ಐದಾರು ಮಂದಿ ಸೇರಿ ಒಂದು ಸೆಟ್ ಇಟ್ಟುಕೊಂಡು, ವಿಮಾನ ಮಾತ್ರ ಅವರವರು ಕಟ್ಟಿಕೊಂಡರೆ ಆಯಿತು. ಥರ್ಮಾಕೋಲ್ ಮೈಯಿಂದ ಥರ್ಮಾಕೋಲ್ ಮೈಗೆ ಮೋಟಾರ್ ಬದಲಿಸುವುದು ನಾಲ್ಕು ಸ್ಕ್ರೂ ಕೆಲಸ.

ಕೆ.ವಿ. ಅಂದರೆ ಕಿಲೋವೋಲ್ಟ್ ಅಲ್ಲ ಅಂತ ಪ್ರತಿ ವರ್ಷ ಹೇಳಬೇಕಾಗುತ್ತದೆ. ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು, ಅಷ್ಟು. 11.1 ವೋಲ್ಟಿಗೆ 1000 ಕೆ.ವಿ. ಮೋಟಾರ್ ಬರಿದೇ ತಿರುಗಿದರೆ ಸುಮಾರು 11,100 ಸುತ್ತು. ಪ್ರೊಪೆಲರ್ ಹಾಕಿದ ಮೇಲೆ ಕಡಿಮೆ. 8000 ಅಂತಲೇ ಇಟ್ಟುಕೊಳ್ಳಿ, 10 ಇಂಚಿನ ಪ್ರೊಪೆಲರಿನ ತುದಿ ಗಂಟೆಗೆ 380 ಕಿಲೋಮೀಟರ್ ವೇಗದಲ್ಲಿ ಇರುತ್ತದೆ. ಬೆರಳು ಅಲ್ಲಿಗೆ ಹೋದರೆ ಆಮೇಲೆ ಜಿಮ್ಸ್ ಆಸ್ಪತ್ರೆಯ ದಾರಿ. ಅದಕ್ಕೆ ಹಾಸ್ಟೆಲ್ ರೂಮಿನಲ್ಲಿ, ಲ್ಯಾಬಿನಲ್ಲಿ ಸೆಟ್ಟಿಂಗ್ ಮಾಡುವಾಗ ಪ್ರೊಪೆಲರ್ ಬಿಚ್ಚಿಯೇ ಇಡಬೇಕು. ಬರೀ ಥ್ರಾಟಲ್ ಕೆಳಗಿದೆ ಅನ್ನುವುದು ಸಾಲದು. ರಿಮೋಟ್ ಆರಿಸಿದಾಗ ಮೋಟಾರ್ ತಾನಾಗಿ ನಿಲ್ಲುತ್ತದೆಯೇ ಅನ್ನುವ ಫೇಲ್‌ಸೇಫ್ ಪರೀಕ್ಷೆಯನ್ನೂ ಪ್ರೊಪೆಲರ್ ಬಿಚ್ಚಿಯೇ ಮಾಡಬೇಕು. ಕೆಲವು ರಿಸೀವರ್‌ಗಳು ಸಿಗ್ನಲ್ ಹೋದಾಗ ಕೊನೆಯ ಥ್ರಾಟಲನ್ನೇ ಹಿಡಿದುಕೊಂಡು ಕೂರುತ್ತವೆ. ಅಂಥದ್ದನ್ನು ಸೊನ್ನೆಗೆ ಸೆಟ್ ಮಾಡದೆ ಹೊಲಕ್ಕೆ ಒಯ್ಯಬಾರದು.

ಮೊದಲ ವಿಮಾನಕ್ಕೆ ಎಲೆರಾನ್ ಬೇಡ. ಥ್ರಾಟಲ್, ಎಲಿವೇಟರ್, ರಡ್ಡರ್ ಮೂರೇ ಸಾಕು. ಬದಲಿಗೆ ಎರಡೂ ರೆಕ್ಕೆಯ ತುದಿಯನ್ನು 6 ಸೆಂಟಿಮೀಟರ್ ಮೇಲೆತ್ತಿ ಅಂಟಿಸಿ, ಹತ್ತಿರಹತ್ತಿರ 6 ಡಿಗ್ರಿ ಕೋನ. ಹದ್ದು ತೇಲುವಾಗ ರೆಕ್ಕೆ ಸ್ವಲ್ಪ ಮೇಲೆತ್ತಿಕೊಂಡಿರುವುದನ್ನು ನೋಡಿದ್ದೀರಲ್ಲ, ಹಾಗೆ. ಗಾಳಿ ಒಂದು ಕಡೆ ತಳ್ಳಿದರೂ ವಿಮಾನ ತಾನೇ ಸಮ ಆಗುತ್ತದೆ. ಕೈ ಬಿಟ್ಟರೆ ತನ್ನನ್ನು ತಾನು ಸಂಭಾಳಿಸಿಕೊಳ್ಳುವ ವಿಮಾನ ಕಲಿಯುವವರಿಗೆ ಬೇಕು. ಬಾಲದ ಅಡ್ಡ ಹಲಗೆ ರೆಕ್ಕೆಯ ಐದನೇ ಒಂದು ಭಾಗದಷ್ಟು ದೊಡ್ಡದಿರಲಿ, ರೆಕ್ಕೆಯ ಅಗಲದ ಮೂರು ಪಟ್ಟು ಹಿಂದೆ ಇರಲಿ.

ಇಷ್ಟೆಲ್ಲ ಸರಿ ಮಾಡಿ ಒಂದನ್ನು ಬಿಟ್ಟರೆ ಎಲ್ಲ ವ್ಯರ್ಥ. ಅದು ಗುರುತ್ವ ಕೇಂದ್ರ. ಎರಡು ತೋರುಬೆರಳ ಮೇಲೆ ರೆಕ್ಕೆಯನ್ನು ಇಟ್ಟು ತೂಗಿದರೆ, ರೆಕ್ಕೆಯ ಮುಂದಿನ ಅಂಚಿನಿಂದ 5 ರಿಂದ 6 ಸೆಂಟಿಮೀಟರ್ ಹಿಂದೆ ವಿಮಾನ ಸಮತೋಲ ನಿಲ್ಲಬೇಕು. ಅಂದರೆ ಅಗಲದ ಶೇಕಡಾ 25 ರಿಂದ 30. ಮುಂದೆ ಭಾರ ಆದರೆ ವಿಮಾನ ಮಂದ ಹಾರುತ್ತದೆ, ಎತ್ತಿನಂಗ. ಹಿಂದೆ ಭಾರ ಆದರೆ ಹಾರುವುದೇ ಇಲ್ಲ, ಎಸೆದ ಕೂಡಲೇ ಮೂಗು ಮೇಲೆತ್ತಿ, ಸ್ಟಾಲ್ ಆಗಿ, ಒಂದು ರೆಕ್ಕೆ ಕೆಡವಿ ನೆಲ ಕಾಣುತ್ತದೆ. ಬ್ಯಾಟರಿ ಇಡುವ ಜಾಗವನ್ನು ಉದ್ದವಾಗಿ ಬಿಡಿ, ಹಿಂದೆ ಮುಂದೆ ಸರಿಸಿ ಸಮ ಮಾಡಬಹುದು. ಸೀಸದ ತುಂಡು ಕಟ್ಟುವುದು ಕೊನೆಯ ಉಪಾಯ.

ಈಗ ಗಾಳಿ.

ನಮ್ಮ ಭಾಗದ ಗಾಳಿ ಎಂಥದ್ದು ಅನ್ನುವುದಕ್ಕೆ ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳೇ ಸಾಕ್ಷಿ. ಸುಮ್ಮನೆ ಯಾರೂ ಅಷ್ಟು ಕಂಬ ನೆಡುವುದಿಲ್ಲ. ಕಾರಹುಣ್ಣಿವಿಗೆ ಹುಡುಗರು ಗಾಳಿಪಟ ಹಿಡಿದು ಮಾಳಿಗೆ ಹತ್ತಿದರೆ ನಮ್ಮ ವಿಮಾನ ಕಪಾಟು ಸೇರುತ್ತದೆ. ಆಷಾಢದ ಗಾಳಿ ಮುಗಿಯುವ ತನಕ ಕಟ್ಟುವ ಕೆಲಸ, ಹಾರಿಸುವ ಕೆಲಸ ಇಲ್ಲ. ಯಾಕೆ ಅಂದ್ರ, ಗಂಟೆಗೆ 27 ಕಿಲೋಮೀಟರಿಗೆ ಸ್ಟಾಲ್ ಆಗುವ ವಿಮಾನವನ್ನು ಸುರಕ್ಷಿತವಾಗಿ ಹಾರಿಸುವ ವೇಗ ಸುಮಾರು 36. ಗಾಳಿಯೇ 36 ಇದ್ದರೆ ಎದುರು ಹೋಗುವ ವಿಮಾನ ಇದ್ದಲ್ಲೇ ನಿಲ್ಲುತ್ತದೆ. ನೋಡಲು ಮಜಾ, ವಾಪಸ್ ತರಲು ಅಲ್ಲ.

ಗಾಳಿ ಅರ್ಧಕ್ಕೆ, 18 ಕಿಲೋಮೀಟರಿಗೆ ಇಳಿದಾಗಲೂ ಒಂದು ಬಲೆ ಇದೆ. ಹೆಚ್ಚಿನ ಹೊಸಬರ ವಿಮಾನ ಬೀಳುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಎದುರುಗಾಳಿಗೆ ಹೋಗುವಾಗ ನೆಲದ ಮೇಲೆ ನಿಂತ ನಿಮ್ಮ ಕಣ್ಣಿಗೆ ವಿಮಾನದ ವೇಗ 18. ತಿರುಗಿ ಗಾಳಿಯ ಜೊತೆ ಹೊರಟಾಗ 54. ಕಣ್ಣು ಹೆದರುತ್ತದೆ. "ಜೋರ್ ಆತು, ಜೋರ್ ಆತು" ಅಂತ ಕೈ ತಾನಾಗಿ ಥ್ರಾಟಲ್ ಇಳಿಸುತ್ತದೆ. ಆದರೆ ರೆಕ್ಕೆಗೆ ನೆಲ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ತನ್ನ ಸುತ್ತಲಿನ ಗಾಳಿ ಮಾತ್ರ. ಗಾಳಿಯ ಲೆಕ್ಕದಲ್ಲಿ ಅದರ ವೇಗ ಆಗಲೂ 36, ಈಗಲೂ 36. ಥ್ರಾಟಲ್ ಇಳಿಸಿದಾಗ 36 ಇದ್ದದ್ದು 27ಕ್ಕೆ ಬರುತ್ತದೆ, ನಿಮ್ಮ ಕಣ್ಣಿಗೆ ಆಗಲೂ 45 ಅಂತ ಕಾಣುತ್ತಿರುತ್ತದೆ, ವಿಮಾನ ಸ್ಟಾಲ್ ಆಗಿ ಬೀಳುತ್ತದೆ. ಓಡುವ ರೈಲಿನ ಒಳಗೆ ಚಹಾ ಮಾರುವವ ಮುಂದಕ್ಕೆ ನಡೆದರೂ ಹಿಂದಕ್ಕೆ ನಡೆದರೂ ಅವನ ಕಾಲಿಗೆ ಒಂದೇ ಶ್ರಮ. ಪ್ಲಾಟ್‌ಫಾರ್ಮಿನ ಮೇಲೆ ನಿಂತವರಿಗೆ ಮಾತ್ರ ಎರಡು ವೇಗ ಕಾಣುತ್ತವೆ. ವಿಮಾನ ಆ ಚಹಾದವ, ನೀವು ಪ್ಲಾಟ್‌ಫಾರ್ಮಿನವರು.

ಇದೇ ಲೆಕ್ಕದ ಇನ್ನೊಂದು ಮುಖ. ಗಾಳಿಯ ಜೊತೆ ಒಂದು ನಿಮಿಷ ಬಿಟ್ಟರೆ ವಿಮಾನ 900 ಮೀಟರ್ ಹೋಗಿರುತ್ತದೆ. ಅಲ್ಲಿಂದ ಎದುರುಗಾಳಿಗೆ ವಾಪಸ್ ಬರಲು ಮೂರು ನಿಮಿಷ ಬೇಕು. ಬರೇ 300 ಮೀಟರ್ ದೂರದಲ್ಲೇ 1.2 ಮೀಟರಿನ ರೆಕ್ಕೆ ಹುಣ್ಣಿಮೆ ಚಂದ್ರನ ಅರ್ಧದಷ್ಟೂ ಕಾಣುವುದಿಲ್ಲ. ಮೇಲೆ ಯಾವುದು, ಕೆಳಗೆ ಯಾವುದು ಅಂತ ತಿಳಿಯುವುದು ಬಣ್ಣದಿಂದ ಮಾತ್ರ. ಅದಕ್ಕೇ ಎರಡು ಬಣ್ಣ ಹಚ್ಚಿರಿ ಅಂದದ್ದು. ವಿಮಾನ ಯಾವಾಗಲೂ ನಿಮ್ಮಿಂದ ಗಾಳಿ ಬರುವ ಕಡೆಗೇ ಇರಲಿ. ಮೋಟಾರ್ ನಿಂತರೂ ಗಾಳಿ ಅದನ್ನು ನಿಮ್ಮ ಕಡೆಗೇ ತರುತ್ತದೆ.

ಮೇಲಿನ ಗಾಳಿ ಯಾವ ಕಡೆಯದು ಅಂತ ತಿಳಿಯಲು ದೂರದ ಗಾಳಿಯಂತ್ರದ ಮುಖ ನೋಡಿ. ಅದು ಯಾವಾಗಲೂ ಗಾಳಿಗೆ ಎದುರಾಗಿ ತಿರುಗಿರುತ್ತದೆ. ನೆಲದ ಮಟ್ಟದ ಗಾಳಿಗೆ ಒಂದು ಹಿಡಿ ಮಣ್ಣು ಎತ್ತಿ ಬಿಟ್ಟರೆ ಸಾಕು. ಎರಡೂ ಬೇರೆ ಬೇರೆ ದಿಕ್ಕು ತೋರಿಸಿದರೆ ಆ ದಿನ ಕಲಿಯುವವರ ದಿನವಲ್ಲ.

ಯಾವಾಗ, ಎಲ್ಲಿ? ಎರಿ ಹೊಲದಲ್ಲಿ ಕಡಲಿ, ಜೋಳ ಕಿತ್ತ ಮೇಲೆ, ಫೆಬ್ರುವರಿ ಕೊನೆಯಿಂದ ಮೇ ತನಕ ಹೊಲ ಖಾಲಿ. ಬೆಳಿಗ್ಗೆ 6 ರಿಂದ 8 ನಮ್ಮ ಸಮಯ. ಬಿಸಿಲು ಏರಿದಂತೆ ಕರಿ ಮಣ್ಣು ಕಾದು ಬಿಸಿಗಾಳಿ ಏಳುತ್ತದೆ, ಹತ್ತು ಗಂಟೆ ಮೇಲೆ ಸುಳಿಗಾಳಿ ಹೊಲದ ಮೇಲೆ ಓಡಾಡುವುದನ್ನು ಎಲ್ಲರೂ ನೋಡಿದ್ದೇವೆ. ಅನುಭವ ಇದ್ದವರು ಆ ಏರುಗಾಳಿಯಲ್ಲೇ ಮೋಟಾರ್ ನಿಲ್ಲಿಸಿ ಹದ್ದಿನ ಜೊತೆ ತೇಲಿಸುತ್ತಾರೆ. ಕಲಿಯುವವರು ಆಗ ಮರದ ನೆರಳಿನಲ್ಲಿ ಚುರಮರಿ ತಿನ್ನುವುದು ಮೇಲು. ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ ಹೊಲಗಳಲ್ಲಿ ಕಲ್ಲು ಹೆಚ್ಚು, ಮೂಗು ಬೇಗ ಒಡೆಯುತ್ತದೆ. ಎರಿ ನೆಲ ಮೆತ್ತಗೆ. ಆದರೆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಗಾಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಗಾಲಿಯೇ ಇಲ್ಲದ, ಹೊಟ್ಟೆಯ ಮೇಲೆ ಇಳಿಯುವ ವಿಮಾನ ಲೇಸು.

ಖಾಲಿ ಹೊಲ ಅಂದರೆ ಯಾರದ್ದೂ ಅಲ್ಲದ ಹೊಲ ಅಲ್ಲ. ಒಬ್ಬ ಅಜ್ಜ ನಮಗೆ ಹೇಳಿದ್ದು: "ತಮ್ಮಾ, ಹಾರಸ್ರಿ, ಬ್ಯಾಡ ಅನ್ನಂಗಿಲ್ಲ. ಬದುವಿನ ಮ್ಯಾಲೆ ನಿಂತು ಒಂದು ಮಾತು ಕೇಳಿ ಒಳಗ ಬರ್ರಿ. ಆ ಕಡೀ ಹೊಲದಾಗ ಇನ್ನಾ ಕುಸುಬಿ ಐತಿ, ಅಲ್ಲಿ ಬಿದ್ರ ನಾನ ತಂದ ಕೊಡ್ತೀನಿ, ನೀವು ಆರು ಮಂದಿ ತುಳಕೋತ ಹೋಗಬ್ಯಾಡ್ರಿ." ಅಂದಿನಿಂದ ಅದು ನಮ್ಮ ನಿಯಮ. ಬೆಳೆಯೊಳಗೆ ಬಿದ್ದ ವಿಮಾನ ತರಲು ಹೊಲದವರನ್ನು ಕೇಳಿ ಒಬ್ಬರೇ ಹೋಗಬೇಕು, ಸಾಲಿನ ನಡುವೆ ನಡೆದು. ಎತ್ತು, ಕುರಿ ಇದ್ದರೆ ಅವು ದೂರ ಹೋಗುವ ತನಕ ಮೋಟಾರ್ ಹಚ್ಚುವಂತಿಲ್ಲ. ಬೆದರಿದ ಎತ್ತು ನೊಗ ಹರಿದರೆ ಆಗುವ ನಷ್ಟದ ಮುಂದೆ ನಮ್ಮ ಹತ್ತು ಸಾವಿರ ಏನೂ ಅಲ್ಲ.

ಎರಡು ಜಾಗಗಳ ಬಗ್ಗೆ ನಾವು ಯಾರ ಮಾತೂ ಕೇಳುವುದಿಲ್ಲ. ಒಂದು ಮಾಗಡಿ ಕೆರೆ. ಶಿರಹಟ್ಟಿ, ಲಕ್ಷ್ಮೇಶ್ವರದ ಹುಡುಗರು "ಬಯಲು ಚಲೋ ಐತಿ, ನೀರಿನ ಮ್ಯಾಲೆ ವಿಡಿಯೊ ಚಂದ ಬರ್ತೈತಿ" ಅಂತ ಕರೆಯುತ್ತಾರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳು ಅಲ್ಲಿ ಇಳಿಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಆ ಬಾತುಗಳಿಗೆ ನಮ್ಮ ವಿಮಾನ ಅಂದರೆ ಮೇಲೆ ಸುತ್ತುವ ಬೇಟೆ ಹಕ್ಕಿ. ಒಮ್ಮೆ ಇಡೀ ಹಿಂಡು ಎದ್ದರೆ, ಹೊಲದಲ್ಲಿ ಮೇಯ್ದು ಕೂಡಿಟ್ಟ ಶಕ್ತಿಯನ್ನು ಸುಮ್ಮನೆ ಸುಡುತ್ತವೆ. ವಾಪಸ್ ಹೋಗುವ ದಾರಿಗೆ ಬೇಕಾದ ಕೊಬ್ಬು ಅದು. ಅಲ್ಲದೆ ಎರಡು ಕಿಲೋ ಮೀರಿ ತೂಗಬಲ್ಲ ಹಕ್ಕಿಗೆ ಪ್ರೊಪೆಲರ್ ತಾಗಿದರೆ ಎರಡೂ ಉಳಿಯುವುದಿಲ್ಲ. ಇನ್ನೊಂದು ಕಪ್ಪತಗುಡ್ಡ. ಗುಡ್ಡದ ಇಳಿಜಾರಿಗೆ ಗಾಳಿ ಬಡಿದು ಮೇಲೇರುವ ಜಾಗದಲ್ಲಿ ಮೋಟಾರ್ ಇಲ್ಲದ ಗ್ಲೈಡರ್ ಗಂಟೆಗಟ್ಟಲೆ ತೇಲಬಲ್ಲದು, ಅದು ನಮಗೂ ಗೊತ್ತು, ಆಸೆಯೂ ಇದೆ. ಆದರೆ 2019ರಿಂದ ಅದು ವನ್ಯಜೀವಿ ಧಾಮ. ಅಲ್ಲಿಯ ಗಾಳಿ ಅಲ್ಲಿಯ ಹಕ್ಕಿಗಳಿಗೇ ಇರಲಿ. ಗಾಳಿಯಂತ್ರ, ಹೈಟೆನ್ಶನ್ ತಂತಿ, ಜಾತ್ರೆ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಂಥ ಹಳೆಯ ಕಟ್ಟಡ, ಇವುಗಳ ಹತ್ತಿರವೂ ಬೇಡ.

ಕಾನೂನಿನ ಮಾತು ಚುಟುಕಾಗಿ. 2021ರ ಡ್ರೋನ್ ನಿಯಮಗಳಲ್ಲಿ ಮಾದರಿ ವಿಮಾನಕ್ಕೆ ಬೇರೆಯೇ ವ್ಯಾಖ್ಯೆ ಇದೆ: 25 ಕಿಲೋ ಮೀರದ, ಕಲಿಕೆ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ಮನರಂಜನೆಗೆ ಮಾತ್ರ ಬಳಸುವ, ಕಣ್ಣಿಗೆ ಕಾಣುವಷ್ಟರೊಳಗೆ ಹಾರಿಸುವಂಥದ್ದು. ಇದಕ್ಕೆ ಟೈಪ್ ಸರ್ಟಿಫಿಕೇಟ್ ಬೇಡ. ಎರಡು ಕಿಲೋ ಒಳಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಲೈಸೆನ್ಸ್ ಬೇಡ. ನಕ್ಷೆಯಲ್ಲಿ ಹಸಿರು ವಲಯದಲ್ಲಿ 400 ಅಡಿ ತನಕ ಅನುಮತಿ ಕೇಳಬೇಕಿಲ್ಲ. ನೋಂದಣಿಯ ನಿಯಮವನ್ನೂ, ಡಿಜಿಟಲ್ ಸ್ಕೈನ ಆ ದಿನದ ನಕ್ಷೆಯನ್ನೂ ಓದಿಯೇ ಹೊಲಕ್ಕೆ ಹೊರಡಬೇಕು. ಹೊಲದ ಹತ್ತಿರದ ಠಾಣೆಗೆ ಒಂದು ಚೀಟಿ ಬರೆದುಕೊಟ್ಟರೆ ಯಾರಾದರೂ "ಡ್ರೋನ್ ಬಿಟ್ಟಾರ" ಅಂತ ಫೋನ್ ಮಾಡಿದಾಗ ಮಾತು ಸುಲಭ.

ಹಾರಿಸುವ ಮುಂಚೆ ಕಂಟ್ರೋಲ್ ದಿಕ್ಕು ನೋಡಿ. ಎಲಿವೇಟರ್ ಕೋಲು ನಿಮ್ಮ ಕಡೆ ಎಳೆದರೆ ಬಾಲದ ಹಲಗೆಯ ಹಿಂದಿನ ಅಂಚು ಮೇಲೇಳಬೇಕು. ಬಲಕ್ಕೆ ಒತ್ತಿದರೆ, ಹಿಂದಿನಿಂದ ನೋಡಿದಾಗ ರಡ್ಡರ್ ಬಲಕ್ಕೆ ಬರಬೇಕು. ಎಸೆಯುವವರು ಎದುರುಗಾಳಿಗೆ, ನೆಲಕ್ಕೆ ಸಮಾಂತರವಾಗಿ, ಈಟಿಯಂತೆ ಎಸೆಯಬೇಕು. ಮುಗಿಲು ನೋಡಿ ಎಸೆದರೆ ವೇಗ ಬರುವ ಮುಂಚೆಯೇ ಸ್ಟಾಲ್. ವಿಮಾನ ನಿಮ್ಮಿಂದ ದೂರ ಹೋಗುವಾಗ ಎಲ್ಲ ಸರಿ, ನಿಮ್ಮ ಕಡೆ ತಿರುಗಿ ಬರುವಾಗ ಎಡ-ಬಲ ಅದಲುಬದಲು ಆಗುತ್ತದೆ. ಆಗ ಒಂದೇ ಸೂತ್ರ: ಯಾವ ರೆಕ್ಕೆ ಕೆಳಗಿದೆಯೋ ಆ ಕಡೆಗೆ ಕೋಲು ಒತ್ತಿ, ಬೀಳುವ ಗೋಡೆಗೆ ಆನಿಕೆ ಕೊಟ್ಟಂತೆ. ತಿರುವು ಅಗಲವಾಗಿರಲಿ. 45 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ 27 ಇದ್ದದ್ದು 32 ಆಗುತ್ತದೆ, 60 ಡಿಗ್ರಿಗೆ 38. ಇಳಿಸುವ ಗಡಿಬಿಡಿಯಲ್ಲಿ ಕೆಳಗೆ ಬಂದು ಗಕ್ಕನೆ ತಿರುಗಿಸುವವರ ರೆಕ್ಕೆ ಮುರಿಯುವುದು ಈ ಸಂಖ್ಯೆಗಳಿಂದ. 2200 ಎಂ.ಎ.ಎಚ್. ಬ್ಯಾಟರಿಯ ಶೇಕಡಾ 80 ಮಾತ್ರ ಬಳಸಬೇಕು. ಸರಾಸರಿ 10 ಆಂಪಿಯರ್ ಎಳೆದರೆ ಹತ್ತು ನಿಮಿಷ. ರಿಮೋಟಿನಲ್ಲಿ ಏಳು ನಿಮಿಷಕ್ಕೆ ಗಂಟೆ ಹಚ್ಚಿಡಿ.

ಇನ್ನು ರಿಪೇರಿ. ವಿಮಾನ ಬಿದ್ದೇ ಬೀಳುತ್ತದೆ. ಬಿದ್ದ ಕೂಡಲೇ ಓಡಬೇಡಿ. ಥ್ರಾಟಲ್ ಸೊನ್ನೆ ಮಾಡಿ, ನಡೆದು ಹೋಗಿ, ಮೊದಲು ಬ್ಯಾಟರಿ ಬಿಚ್ಚಿ. ಮಣ್ಣಿನಲ್ಲಿ ಸಿಕ್ಕ ಪ್ರೊಪೆಲರಿಗೆ ಕರೆಂಟು ಹೋಗುತ್ತಿದ್ದರೆ ಇ.ಎಸ್.ಸಿ. ಸುಡುತ್ತದೆ. ಎಲ್ಲ ತುಂಡುಗಳನ್ನೂ, ಹೆಬ್ಬೆರಳಿನಷ್ಟು ಸಣ್ಣದನ್ನೂ ಹೆಕ್ಕಿ ಚೀಲಕ್ಕೆ ಹಾಕಿ. ಥರ್ಮಾಕೋಲ್ ಒಡೆದ ಅಂಚು ಒಂದಕ್ಕೊಂದು ಬೀಗದಂತೆ ಕೂರುತ್ತದೆ, ಆ ತುಂಡು ಇದ್ದರೆ ಅಂಟು ಸ್ವಲ್ಪ ಸಾಕು, ಇಲ್ಲದಿದ್ದರೆ ತಗ್ಗು ತುಂಬಲು ಅಂಟೇ ಬೇಕು. ಅದೂ ಅಲ್ಲದೆ ಥರ್ಮಾಕೋಲ್ ಕಾಳು ಹೊಲದಲ್ಲಿ ಬಿಟ್ಟು ಬಂದರೆ ಮಣ್ಣಿನಲ್ಲಿ ಕೊಳೆಯುವುದಿಲ್ಲ. ಅಜ್ಜ ಮುಂದಿನ ವರ್ಷ ಒಳಗ ಬಿಡಂಗಿಲ್ಲ.

ರೆಕ್ಕೆ ಹೆಚ್ಚಾಗಿ ಮುರಿಯುವುದು ನಡುಮಧ್ಯ. ಡೈವ್‌ನಿಂದ ಎಳೆದೆತ್ತುವಾಗ ಮೂರು ಜಿ ಬಂದರೆ ಒಟ್ಟು ಲಿಫ್ಟ್ 23.5 ನ್ಯೂಟನ್. ಅರ್ಧ ರೆಕ್ಕೆಯ ಪಾಲು 11.8, ಅದು ನಡುವಿನಿಂದ ಸುಮಾರು 25 ಸೆಂಟಿಮೀಟರ್ ದೂರದಲ್ಲಿ ಎಳೆಯುತ್ತದೆ. ಬೆಂಡಿಂಗ್ ಮೊಮೆಂಟ್ ಹತ್ತಿರಹತ್ತಿರ 3 ನ್ಯೂಟನ್ ಮೀಟರ್. ರೆಕ್ಕೆಯ ದಪ್ಪ 24 ಮಿಲಿಮೀಟರ್. ಭಾಗಿಸಿದರೆ 123 ನ್ಯೂಟನ್, ಅಂದ್ರ ಕೆಳಮೈಯನ್ನು 12 ಕಿಲೋಗೂ ಮೀರಿದ ಸೆಳೆತ ಹರಿಯಲು ನೋಡುತ್ತದೆ, ಮೇಲ್ಮೈಯನ್ನು ಅಷ್ಟೇ ಬಲ ಒತ್ತುತ್ತದೆ. ಸಿವಿಲ್‌ನವರಿಗೆ ಇದು ಹೊಸದಲ್ಲ. ತೊಲೆಗೆ ಸರಳು ಎಲ್ಲಿ ಹಾಕುತ್ತೀರಿ? ಸೆಳೆತ ಇರುವ ಕಡೆ. ತಲೆಕೆಳಗಾದ ತೊಲೆಯಂತೆ ರೆಕ್ಕೆ ಮೇಲಕ್ಕೆ ಬಾಗುತ್ತದೆ ಅನ್ನುವುದು ನೆನಪಿದ್ದರೆ ಸಾಕು. ಹಾಗಾಗಿ ರಿಪೇರಿ ಹೀಗೆ: ಒಡೆದ ಅಂಚುಗಳಿಗೆ ತೆಳುವಾಗಿ ಫೆವಿಕಾಲ್ ಹಚ್ಚಿ ಕೂಡಿಸಿ. ಬಿರುಕಿಗೆ ಅಡ್ಡಲಾಗಿ, ರೆಕ್ಕೆಯ ಉದ್ದಕ್ಕೆ ಒಂದು ಗೇಣಿನ ಬಿದಿರು ಕಡ್ಡಿಯನ್ನು ಮೇಲ್ಮೈ ಹತ್ತಿರ ಗೆರೆ ಕೊರೆದು ಕೂರಿಸಿ, ಅದು ಒತ್ತಡ ತಡೆಯುತ್ತದೆ. ಕೆಳಮೈಗೆ ನಾರು ಇರುವ ಪ್ಯಾಕಿಂಗ್ ಟೇಪನ್ನು ರೆಕ್ಕೆಯ ಉದ್ದಕ್ಕೇ ಎಳೆದು ಹಚ್ಚಿ, ಅದು ಸೆಳೆತ ತಡೆಯುತ್ತದೆ. ಬಹಳ ಮಂದಿ ಬಿರುಕಿನ ಮೇಲೇ, ಬಿರುಕಿನ ಉದ್ದಕ್ಕೇ ಟೇಪು ಸುತ್ತುತ್ತಾರೆ. ಅದು ಗಾಯ ಮುಚ್ಚುತ್ತದೆ, ಭಾರ ಹೊರುವುದಿಲ್ಲ. ಪೂರ್ತಿ ರಿಪೇರಿ 6-7 ಗ್ರಾಂ ದಾಟಬಾರದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಮೊದಲು ಮತ್ತು ಆಮೇಲೆ ತೂಗಿ.

ಬಾಲದ ರಿಪೇರಿಯಲ್ಲಿ ಕಂಜೂಸ್ ಆಗ್ರಿ. ಬಾಲ ಗುರುತ್ವ ಕೇಂದ್ರದಿಂದ 60 ಸೆಂಟಿಮೀಟರ್ ಹಿಂದೆ ಇದೆ. ಅಲ್ಲಿ 10 ಗ್ರಾಂ ಅಂಟು ಸೇರಿದರೆ, ಸಮ ಮಾಡಲು 20 ಸೆಂಟಿಮೀಟರ್ ಮುಂದಿನ ಮೂಗಿನಲ್ಲಿ 30 ಗ್ರಾಂ ಇಡಬೇಕು. ಹತ್ತು ಗ್ರಾಮಿನ ಸೋಮಾರಿತನಕ್ಕೆ ನಲವತ್ತು ಗ್ರಾಂ ದಂಡ. ಮೂರು ಸಲ ಬಾಲ ಮುರಿದ ವಿಮಾನಕ್ಕೆ ಹೊಸ ಬಾಲ ಕತ್ತರಿಸುವುದೇ ಹಗುರ.

ಮೋಟಾರಿನ ಶಾಫ್ಟ್ ಬಾಗಿದೆಯೇ ಅಂತ ನೋಡಲು ಪ್ರೊಪೆಲರ್ ಇಲ್ಲದೆ ನಿಧಾನ ತಿರುಗಿಸಿ, ತುದಿ ನಡುಗಿದರೆ ಬಾಗಿದೆ. ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಲು ಹೋಗಬೇಡಿ, ಬೇರಿಂಗ್ ಹಾಳಾಗುತ್ತದೆ, ಶಾಫ್ಟ್ ಬದಲಿಸಿ. ಮಣ್ಣಿನಲ್ಲಿರುವ ಕಬ್ಬಿಣದ ಕಣಗಳು ಮೋಟಾರಿನ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತವೆ, ಊದಿದರೆ ಹೋಗುವುದಿಲ್ಲ. ಟೇಪಿನ ಅಂಟು ಮುಖ ಒತ್ತಿ ಒತ್ತಿ ತೆಗೆಯಬೇಕು. ಸರ್ವೋ ತೋಳನ್ನು ಬೆರಳಿಂದ ಮೆಲ್ಲಗೆ ಆಡಿಸಿದಾಗ ಒಂದು ಕಡೆ ಟಕ್ ಅಂತ ಜಾರಿದರೆ ಒಳಗಿನ ಹಲ್ಲು ಹೋಗಿದೆ. ಪ್ರೊಪೆಲರ್ ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಚೂರು ಹಾರಿದ್ದರೂ ಎರಡು ತುಂಡು ಮಾಡಿ ಕಸಕ್ಕೆ ಹಾಕಿ. ತುಂಡು ಮಾಡುವುದು ಯಾಕೆಂದರೆ, ಹಾಗೇ ಇಟ್ಟರೆ ಯಾರೋ ಒಬ್ಬರು "ಇದೊಂದ್ ಸಲ" ಅಂತ ಮತ್ತೆ ಹಾಕುತ್ತಾರೆ.

ಬ್ಯಾಟರಿಗೆ ಮಾತ್ರ ರಿಪೇರಿ ಇಲ್ಲ. ಪ್ರತಿ ಸೆಲ್ ತುಂಬಿದಾಗ 4.2 ವೋಲ್ಟ್, ಹಾರಿಸಿ ಇಳಿಸಿದಾಗ 3.5ಕ್ಕಿಂತ ಕೆಳಗಿರಬಾರದು, ವಾರಗಟ್ಟಲೆ ಇಡುವಾಗ 3.8. ಬಿದ್ದ ಪೆಟ್ಟಿಗೆ ತಗ್ಗು ಬಿದ್ದದ್ದು, ಹೋಳಿಗೆಯಂತೆ ಉಬ್ಬಿದ್ದು, ಸಿಹಿ ವಾಸನೆ ಬರುವುದು ಕಂಡರೆ ಅರ್ಧ ಗಂಟೆ ಬಯಲಲ್ಲಿ ಒಂಟಿಯಾಗಿ ಇಟ್ಟು ದೂರದಿಂದ ನೋಡಿ. ಅಂಥದ್ದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಬಿಸಿ, ಹೊಗೆ ಏನೂ ಇಲ್ಲ ಅಂತ ಖಾತ್ರಿ ಆದ ಮೇಲೆ ಹೊರಗೆ 12 ವೋಲ್ಟಿನ ಗಾಡಿ ಬಲ್ಬ್ ಹಚ್ಚಿ ಪೂರ್ತಿ ಖಾಲಿ ಮಾಡಿ, ಇ-ತ್ಯಾಜ್ಯಕ್ಕೆ ಕೊಡಿ. ಚಾರ್ಜ್ ಮಾಡುವಾಗ ಯಾರಾದರೂ ಎದುರಿಗೆ ಇರಲೇಬೇಕು, ಪಕ್ಕದಲ್ಲಿ ಒಂದು ಬಕೀಟು ಒಣ ಉಸುಕು. ಹಾಸ್ಟೆಲ್ ಮಂಚದ ಮೇಲೆ ಚಾರ್ಜಿಗಿಟ್ಟು ಮೆಸ್ಸಿಗೆ ಹೋಗುವವರನ್ನು ನಮ್ಮ ಗುಂಪಿಗೆ ಸೇರಿಸುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟಿ ಡಿಕ್ಕಿಯಲ್ಲಿ ಬ್ಯಾಟರಿ ಬಿಡುವುದೂ ಬೇಡ.

ಈ ಸಲದ ಮೂರು ಹೊಸ ರೆಕ್ಕೆಗಳಿಗೆ ಬಿದಿರು ಸೀಳಿ ಇಟ್ಟಿದ್ದೇವೆ, ಫೆವಿಕಾಲ್ ಒಣಗಬೇಕು. ಮಾರ್ಚ್‌ನಲ್ಲಿ ಕಡಲಿ ಹೊಲ ಖಾಲಿ ಆದ ಮೇಲೆ ಭಾನುವಾರ ಬೆಳಿಗ್ಗೆ ಐದೂವರೆಗೆ ಕಾಲೇಜ್ ಗೇಟಿನಿಂದ ಹೊರಡುತ್ತೇವೆ. ಬರುವವರು ಟೊಪ್ಪಿಗೆ, ನೀರಿನ ಬಾಟಲಿ, ತುಂಡು ಹೆಕ್ಕಲು ಒಂದು ಚೀಲ ತರ್ರಿ.